ಗುಡ್ಡದ ರಸ್ತೆಗೆ ಒಯ್ದ ಎಡೆ

ಮಹಾಲಯ ಅಮಾವಾಸ್ಯೆಯ ದಿನ. ನಸುಕಿಗೆ ಎದ್ದು ಅಂಗಳ ಸಾರಿಸಿದೆ, ನಾಲ್ಕು ಕೊಡ ನೀರು ತುಂಬಿದೆ, ಬೇಳೆ ಬೇಯಿಸಿ ಹೂರಣ ರುಬ್ಬಿದೆ, ಹೋಳಿಗೆ ಮಾಡಿದೆ, ಬದನೆಕಾಯಿ ಎಣ್ಣೆಗಾಯಿ ಇಳಿಸಿದೆ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ.

ಮಾವನವರನ್ನು ಮಣ್ಣು ಮಾಡಿದ್ದು ಕೂಡ್ಲಿಗಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಗುಡ್ಡದ ತಿರುವಿನ ನಮ್ಮ ಹೊಲದಲ್ಲಿ. ರಸ್ತೆ ಅಗಲ ಮಾಡುವಾಗ ಹೊಲ ಹೋಯಿತು. ಸಮಾಧಿಯನ್ನು ಬದಿಗೆ ಸರಿಸಿ ಕೊಟ್ಟಿದ್ದಾರೆ ಅಂತ ನಮ್ಮ ಮನೆಯವರು ಹೇಳಿದ್ದರು. ಮಂಡಿನೋವಿನ ಅತ್ತೆ ನಂಬಿ ಮನೆಯಲ್ಲೇ ಉಳಿದರು. ವರ್ಷ ವರ್ಷ ಎಡೆ ಒಯ್ಯುತ್ತಿದ್ದವರು ನಮ್ಮ ಮನೆಯವರೊಬ್ಬರೇ. ಎಲ್ಲಿ ಇಡುತ್ತೀರಿ ಅಂತ ನಾನು ಕೇಳಿರಲಿಲ್ಲ, ಕೇಳಿದರೆ ಗೊತ್ತಾಗಿಬಿಡುತ್ತಿತ್ತು.

ಈ ಸಲ ಅತ್ತೆ ಹಟ ಹಿಡಿದು ನಮ್ಮಿಬ್ಬರ ಜೊತೆ ಆಟೋ ಹತ್ತಿದರು. ಮಳೆ ಬಿದ್ದು ಗುಡ್ಡ ಹಸಿರಾಗಿತ್ತು. ತಿರುವಿನಲ್ಲಿ ಪ್ಯಾಟಿ ಮಂದಿ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು.

"ಎಲ್ಲಿ ಐತಿ ಲೇ?" ಅಂದರು ಅತ್ತೆ, ಮಗನಿಗೆ.

"ಇಲ್ಲೇ ಇತ್ತು ಯವ್ವಾ," ಅಂತ ಇವರು ಡಾಂಬರಿನ ಕಡೆ ಕೈ ಮಾಡಿದರು. "ಅಳತಿಗೆ ಬಂದೋರು ಹೊಲದಾಗ ಏನರ ಐತೇನು ಅಂತ ಕೇಳಿದ್ರು. ಸಮಾಧಿ ಅಂದ್ರ ಕೆಲಸ ಎಳೀತಾರ, ಹೊಲದ ರೊಕ್ಕ ತಡ ಆಗತೈತಿ ಅಂತ, ಬರೇ ಕಲ್ಲು ಅಂದೆ."

"ನಿಮ್ಮಪ್ಪನ್ನ ಕಲ್ಲು ಅಂದಿ. ಮತ್ತ ಇಷ್ಟು ವರ್ಷ ನನ್ನ ಎಡಿ ಯಾರಿಗೆ ಉಣಿಸಿದಿ?"

"ದನಕ್ಕ."

ಅತ್ತೆ ನನ್ನ ಕಡೆ ತಿರುಗಿದರು. "ನಿನಗೂ ಗೊತ್ತಿತ್ತೇನವ್ವಾ?"

"ಇಲ್ರಿ ಅತ್ತಿ," ಅಂದೆ. ಪೂರ್ತಿ ಸುಳ್ಳಲ್ಲ. ನಿಜವೂ ಅಲ್ಲ.

ಅಷ್ಟರಲ್ಲಿ ಹೆದ್ದಾರಿ ಗಸ್ತಿನ ಗಾಡಿ ಬಂತು, ಓಡಿಸುತ್ತಿದ್ದಾತ ತಲೆ ಹೊರಗೆ ಹಾಕಿದ. "ಅಮ್ಮಾ, ಇಲ್ಲಿ ಉಣ್ಣಾಕ ಕೂಡಂಗಿಲ್ರಿ. ಮುಂದ ಜಾಗ ಐತಿ, ಅಲ್ಲಿ ಹೋಗ್ರಿ."

"ಉಣ್ಣಾಕ ಬಂದಿಲ್ಲಪ್ಪ," ಅಂದರು ಅತ್ತೆ. "ನನ್ನ ಗಂಡ ಅದಾನ ಈ ರೋಡಿನ ಕೆಳಗ. ನೀ ಒಂದೀಟು ಗಾಡಿ ಹಿಂದಕ್ಕ ತಗೋ." ಆತ ಏನೂ ತಿಳಿಯದೆ ನಗಲು ನೋಡಿದ.

ಸಮಾಧಿಗೆ ಒಯ್ದ ಎಡೆಯನ್ನು ನಮ್ಮಲ್ಲಿ ಮನೆಗೆ ತಿರುಗಿ ತರುವುದಿಲ್ಲ. ಆ ದಿನ ತಂದೆವು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ತಾವೇ ಬುತ್ತಿ ಬಿಚ್ಚಿ, ಇಡೀ ಎಡೆಯನ್ನು ಮಗನ ತಾಟಿಗೆ ಹಾಕಿದರು. "ದನಕ್ಕ ಹಾಕೋದಾದ್ರ ನೀನ ಉಣ್ಣು." ಇವರು ತಲೆ ಎತ್ತದೆ ಎಡೆಯ ನಾಲ್ಕೂ ಹೋಳಿಗೆ ಉಂಡರು. ಅತ್ತೆ ಒಂದು ಹಿಡಿ ಮಂಡಕ್ಕಿ ತಿಂದು ನೀರು ಕುಡಿದರು. ನಾನು ಅನ್ನ, ತಣ್ಣಗಾದ ಸಾರು. ಮೊದಲು ನಿದ್ದೆ ಹತ್ತಿದ್ದು ಇವರಿಗೇ.