ಚೇರೆಯ ಹಾಲು, ಶಾಂತಿಯ ತೊಗಟೆ

ನನಗೆ ಮದುವೆ ಗೊತ್ತಾಗಿದ್ದ ವರ್ಷ ನಮ್ಮೂರು ತೋಡಾರಿನ ಗುಡ್ಡಕ್ಕೆ ಸೊಪ್ಪು ತರಲು ಹೋಗಿ, ನೋಡದೆ ಚೇರೆ ಮರದ ಗೆಲ್ಲು ಮುರಿದೆ. ಅದರ ಹಾಲು ಕೆಲವರ ಮೈಗೆ ಆಗುವುದಿಲ್ಲ. ಬೆಳಗಾಗುವಷ್ಟರಲ್ಲಿ ನನ್ನ ಮುಖ ಬಾತು, ಕಣ್ಣು ಮುಚ್ಚಿ, ಕೆನ್ನೆಯಿಂದ ನೀರು ಒಸರುತ್ತಿತ್ತು.

ಅದೇ ದಿನ ಗುರುವಾಯನಕೆರೆಯಿಂದ ಹುಡುಗನ ಅಕ್ಕ ಬಂದಳು. ನನ್ನನ್ನು ಕಂಡವಳು ಅಂಗಳ ದಾಟಲಿಲ್ಲ, ಕೊಟ್ಟ ಬೆಲ್ಲ ನೀರು ಮುಟ್ಟಲಿಲ್ಲ.

"ಇದು ದೊಡ್ಡ ರೋಗ. ನಮ್ಮ ತಮ್ಮನಿಗೆ ಈ ಸಂಬಂಧ ಬೇಡ."

"ಚೇರೆ ತಾಗಿದ್ದು ಮಾರಾಯ್ತಿ, ಗುಣ ಆಗ್ತದೆ" ಎಂದು ಅಜ್ಜಿ ಅಂಗಲಾಚಿದರು. ಅವಳು ಕೊಡೆ ಬಿಡಿಸಿ ನಡೆದೇಬಿಟ್ಟಳು.

ಅಜ್ಜಿ ಶಾಂತಿ ಮರದ ತೊಗಟೆ ಕುದಿಸಿ, ಆ ನೀರಿನಲ್ಲಿ ದಿನವೂ ನನ್ನ ಮುಖ ತೊಳೆದರು. ಒಂದು ಕಲೆಯೂ ಉಳಿಯಲಿಲ್ಲ. ಆದರೆ ಹುಡುಗನ ಅಕ್ಕ ತಾನು ಹೋದ ಮದುವೆಮನೆಗಳಲ್ಲೆಲ್ಲ ತೋಡಾರಿನ ಹುಡುಗಿಗೆ ಕುಷ್ಠ ಎಂದು ಸಾರಿದ್ದಳು. ವರ್ಷಗಟ್ಟಲೆ ಯಾರೂ ಹೆಣ್ಣು ಕೇಳಿ ಬರಲಿಲ್ಲ. ಆ ಕೊರಗಿನಲ್ಲೇ ಅಜ್ಜಿ ತೀರಿಕೊಂಡರು.

ಕೊನೆಗೆ, ಊರವರ ಮಾತಿಗೆ ಕಿವಿಗೊಡದ ಬಟ್ಟೆ ವ್ಯಾಪಾರಿಯೊಬ್ಬರು ನನ್ನನ್ನು ಮದುವೆಯಾಗಿ ಬಂಟ್ವಾಳಕ್ಕೆ ಕರೆತಂದರು. ಅಲ್ಲಿ ಚೇರೆಗೆ ಮದ್ದು ಕೊಡುವವಳೆಂದು ನನಗೆ ಹೆಸರಾಯಿತು. ಅರವತ್ತರ ದಶಕದ ಒಂದು ಬೇಸಗೆಯಲ್ಲಿ, ಸೆರಗಿನಿಂದ ಮುಖ ಮುಚ್ಚಿಕೊಂಡ ಹೆಂಗಸೊಬ್ಬಳು ಬಸ್ಸಿಳಿದು ಮನೆಗೆ ಬಂದಳು. ಸೆರಗು ಸರಿಸಿದರೆ, ಬಾತ ಮುಖದ ಗುರುತು ಸಿಗುತ್ತಿರಲಿಲ್ಲ. ಸ್ವರ ಮಾತ್ರ ಅದೇ, ಅಂದು ಅಂಗಳ ದಾಟದೆ ಹೋದ ಅಕ್ಕನದು. ಅವಳಿಗೆ ನನ್ನ ನೆನಪಿರಲಿಲ್ಲ.

"ದನದ ಹಟ್ಟಿ ಕಟ್ಟಲಿಕ್ಕೆ ಮರ ಕಡಿಸಿದ್ದೆ, ಅದರಲ್ಲಿ ಚೇರೆಯೂ ಇತ್ತು. ಡಾಕ್ಟರರ ಮುಲಾಮಿನಲ್ಲಿ ಎಂತದೂ ಆಗಲಿಲ್ಲ. ತುರಿಕೆ ತಡೆಯಲಿಕ್ಕೆ ಆಗುವುದಿಲ್ಲ."

ತೊಗಟೆ ಕುದಿಸಿ ತಂದೆ. ಜಗಲಿಯಲ್ಲಿ ನೆರೆಯ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಪಾತ್ರೆಯನ್ನು ಕೊಡದೆ ಕೇಳಿದೆ:

"ಇದು ದೊಡ್ಡ ರೋಗವಾ?"

"ಛೆ! ಚೇರೆ ತಾಗಿದ್ದು."

"ಹಾಗಾದರೆ ಆ ತೋಡಾರಿನ ಹುಡುಗಿಗೆ ಆದದ್ದು ಎಂತದು?"

ಅವಳು ನನ್ನ ಮುಖವನ್ನೇ ನೋಡಿದಳು. ಕೈ ಕೆನ್ನೆಯನ್ನು ಪರಚುತ್ತಲೇ ಇತ್ತು. ಬೀಡಿ ಕಟ್ಟುವವರ ಕೈ ನಿಂತಿತ್ತು.

"ಅದೂ ಚೇರೆಯೇ" ಎಂದು ಗೊಣಗಿದಳು.

"ಇವರಿಗೆ ಕೇಳಿಸಲಿಲ್ಲ."

"ಚೇರೆಯೇ! ಕುಷ್ಠ ಅಂತ ನಾನು ಸುಳ್ಳು ಹೇಳಿದ್ದು!" ಎಂದು ಅತ್ತಳು.

ಆಮೇಲೆಯೇ ಪಾತ್ರೆ ಕೊಟ್ಟೆ. ತೊಗಟೆಯನ್ನು ಕಟ್ಟಿಕೊಡಲು ಬೇಡಿದಳು. ಕೊಡಲಿಲ್ಲ. "ದಿನಾ ಬನ್ನಿ, ಇಲ್ಲೇ ತೊಳೆಯುವ" ಎಂದೆ. ಗುಣವಾಗುವವರೆಗೂ ದಿನವೂ ಬಸ್ಸಿನಲ್ಲಿ ಬಂದು, ಆ ಹೆಂಗಸರ ಎದುರಿಗೇ ಮುಖ ತೊಳೆದುಕೊಂಡಳು.

"ಅಷ್ಟು ಬೇಕಿತ್ತಾ?" ಎಂದು ನನ್ನವರು ಕೇಳಿದರು.

"ಇನ್ನೂ ಬೇಕಿತ್ತು" ಎಂದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.