ತಪಾಸಣೆಯ ದಿನ ಬಂದ ಸುಜಾತಾ

ಹುಡುಗರೆಲ್ಲ ಕಂಪ್ಯೂಟರ್ ಕಲಿಯಲು ಸಂಕೇಶ್ವರದ ಬಸ್ ಹತ್ತುತ್ತಿದ್ದ ಕಾಲ. ಹುಕ್ಕೇರಿ ಕಡೆಯ ನಮ್ಮ ಸಣ್ಣ ಆರ್ಟ್ಸ್ ಕಾಲೇಜಿನಲ್ಲಿ ನಾನು ಕಲಿಸುತ್ತಿದ್ದ ಇತಿಹಾಸಕ್ಕೆ ಹಾಜರಿ ಪುಸ್ತಕದಲ್ಲಿ ಇಪ್ಪತ್ತು ಹೆಸರಿದ್ದರೂ ಬರುತ್ತಿದ್ದವರು ನಾಲ್ಕೇ ಮಂದಿ. ಅಷ್ಟರಲ್ಲಿ ವಿಶ್ವವಿದ್ಯಾಲಯದ ತಪಾಸಣೆಗೆ ದಿನ ಗೊತ್ತಾಯಿತು.

"ಬೆಂಚ್ ತುಂಬಸ್ರಿ, ಇಲ್ಲಂದ್ರ ನಿಮ್ಮ ವಿಭಾಗ ಮುಚ್ಚತಾರ," ಎಂದರು ಪ್ರಿನ್ಸಿಪಾಲರು.

ನಾಚಿಕೆ ಬಿಟ್ಟು ಹಳೆಯ ವಿದ್ಯಾರ್ಥಿಗಳ ಮನೆಮನೆ ತಿರುಗಿದೆ. ಘೋಡಗೇರಿಯಲ್ಲಿ ಸುಜಾತಾ ಸಿಕ್ಕಳು. ಮದುವೆಯಾಯಿತೆಂದು ಎರಡನೇ ವರ್ಷಕ್ಕೇ ಓದು ಬಿಟ್ಟವಳು.

"ನಾಳೆ ತಪಾಸಣೆ ಐತಿ, ಒಂದು ತಾಸು ಬಂದು ಕುಂತು ಹೋಗವಾ," ಎಂದೆ.

ಮರುದಿನ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ತನ್ನ ಹಳೆಯ ನೋಟ್‌ಬುಕ್ ಹಿಡಿದು ಬಂದಳು. ನಾನು ಹಾಜರಿ ಕೂಗಿ ಪಾಠ ಶುರು ಮಾಡಿದೆ. ತಪಾಸಣೆಯವರು ಬಾಗಿಲಲ್ಲೇ ನಿಂತು ತಲೆ ಎಣಿಸಿ ಚಹಾಕ್ಕೆ ಹೋದರು. ಅವರ ಬೆನ್ನಿಗೇ ಇಡೀ ಕ್ಲಾಸು ಎದ್ದು ಹೊರಟಿತು. ಸುಜಾತಾ ಮಾತ್ರ ಏಳಲಿಲ್ಲ.

"ಮುಗೀತಲ್ಲವಾ, ಬಸ್ ತಪ್ಪತೈತಿ ನೋಡು."

"ಇನ್ನೂ ಗಂಟಿ ಹೊಡದಿಲ್ಲಲ್ರೀ ಸರ್. ಪಾಠ ಅರ್ಧಕ್ಕ ನಿಂತೈತಿ."

ಖಾಲಿ ಬೆಂಚುಗಳ ಮುಂದೆ ಗಂಟೆಯಾಗುವವರೆಗೂ ಪಾಠ ಮಾಡಿದೆ. ಅವಳು ಒಂದೂ ಮಾತು ಬಿಡದೆ ಬರೆದುಕೊಂಡಳು.

ವಿಭಾಗ ಉಳಿಯಿತು. ಅಂದು ಕಲಿಯಲಿಕ್ಕೆಂದೇ ಬಂದವಳು ಅವಳೊಬ್ಬಳು. ಅವಳ ಹಾಜರಿಯನ್ನು ನಾನು ಬೇರೊಬ್ಬಳ ಹೆಸರಿಗೆ ಹಾಕಿದ್ದೆ.