ಬಸವಕಲ್ಯಾಣದಿಂದ ಬಂದ ಒಣ ತೊಡೆ

ಏನನ್ನಾದರೂ ಮೂಸುವಾಗ ಅತ್ತೆ ಒಂದು ಹೊಳ್ಳೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳುತ್ತಿದ್ದಳು. ಮೊದಲು ಎಡದ್ದು, ಆಮೇಲೆ ಬಲದ್ದು. ಮೂಗುಬೊಟ್ಟು ಬಿಚ್ಚಿಟ್ಟು ಎಷ್ಟೋ ವರ್ಷವಾಗಿತ್ತು. ತೂತು ಮುಚ್ಚಬಾರದೆಂದು ಬೇವಿನ ಕಡ್ಡಿಯ ತುಂಡೊಂದನ್ನು ಸಿಕ್ಕಿಸಿಕೊಂಡಿದ್ದಳು. ಬಂಗಾರಕ್ಕೂ ಒಂದು ವಾಸನೆ ಇರುತ್ತದೆ, ಅದು ನಡುವೆ ಬಾಯಿ ಹಾಕುತ್ತದೆ ಅನ್ನುವುದು ಅವಳ ತಕರಾರು.

ಅವಳು ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಹುಮನಾಬಾದಿನ ನಮ್ಮ ಮನೆಗೇ ಬಂದು ಉಳಿದವಳು. ನಮ್ಮದು ಕುರಿ ಸಾಕುವ ಮನೆತನ. ಚಳಿಗಾಲದಲ್ಲಿ ಕುರಿಯ ಇಡೀ ತೊಡೆಗೆ ಉಪ್ಪು, ಅರಿಶಿನ ತಿಕ್ಕಿ, ಕಲ್ಲಿನ ಕೆಳಗೆ ಒತ್ತಿಟ್ಟು, ಆಮೇಲೆ ಒಲೆಯ ಮೇಲಿನ ಜಂತಿಗೆ ನೇತುಹಾಕುತ್ತಿದ್ದರು. ಹೊಗೆ ಕುಡಿದು, ಗಾಳಿ ಕುಡಿದು ಬೇಸಿಗೆ ಮುಗಿಯುವ ಹೊತ್ತಿಗೆ ಅದು ಕಟ್ಟಿಗೆಯ ಹಾಗೆ ಗಟ್ಟಿಯಾಗುತ್ತಿತ್ತು. ಅಂಥದ್ದನ್ನು ಕೊಳ್ಳುವುದಿದ್ದರೆ ನಮ್ಮ ಓಣಿಯವರು ಅತ್ತೆಯನ್ನು ಮುಂದೆ ಮಾಡಿಕೊಂಡು ಹೋಗುತ್ತಿದ್ದರು. ಅವಳು ಉದ್ದನೆಯ ಜಾಲಿಮುಳ್ಳನ್ನು ಎಲುಬಿನ ಪಕ್ಕಕ್ಕೆ ಇಳಿಸಿ, ಹಿಂದಕ್ಕೆಳೆದು, ಆ ಮುಳ್ಳನ್ನು ಮೂಸುತ್ತಿದ್ದಳು. ಮಾರುವವನು ಅಷ್ಟು ಹೊತ್ತೂ ಪರೀಕ್ಷೆ ಬರೆದು ಕೂತ ಹುಡುಗನ ಹಾಗೆ ಅವಳ ಮುಖ ನೋಡುತ್ತಿರುತ್ತಿದ್ದ. ಪಾಸಾದರೆ ಹಿಂದಿನ ಬೆಳಕು ಕಾಣುವಷ್ಟು ತೆಳ್ಳಗೆ ಒಂದು ಸೀಳು ಕೊಯ್ದು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನಾವೆಲ್ಲ ಕೆಂಡದಲ್ಲಿ ಸುಟ್ಟು ತಿನ್ನುವವರು. ಸುಡದೆ ಹಾಗೇ ಬಾಯಿಗಿಡುತ್ತಿದ್ದವಳು ಅವಳೊಬ್ಬಳೇ.

ನನಗೂ ಕಲಿಸಲು ನೋಡಿದ್ದಳು. ನಾನು ಬಾಯಿಗೆ ಹಾಕಿದ ಕೂಡಲೇ ಜಗಿದುಬಿಡುತ್ತಿದ್ದೆ. ಅವಳಿಗೆ ಸಿಟ್ಟು ಬರುತ್ತಿತ್ತು.

"ಜಗೀಬ್ಯಾಡ ಹುಚ್ಚಿ. ಮೊದಲ ಉಪ್ಪು ಮಾತಾಡ್ತದ. ಅದು ಮುಗೀಲಿ. ಆಮ್ಯಾಲ ಕುರಿ ಮಾತಾಡ್ತದ."

ನನಗೆ ಯಾವ ಕುರಿಯೂ ಏನೂ ಹೇಳಲಿಲ್ಲ. ಅವಳಿಗೆ ಮಾತ್ರ ಹೇಳುತ್ತಿದ್ದವು: ಯಾವ ಹೊಲದಲ್ಲಿ ಮೇಯ್ದದ್ದು, ಮರಿ ಹಾಕಿತ್ತೋ ಇಲ್ಲವೋ. ಕೇಳುವವರಿಗೆ ಸಂಜೆಯ ಹೊತ್ತಿನ ಮೋಜು. ನಾನು ಮಾತ್ರ ಅವಳು ಕಣ್ಣು ಮುಚ್ಚಿಕೊಂಡಾಗ ಅವ್ವನ ಹತ್ತಿರ ಸರಿಯುತ್ತಿದ್ದೆ.

ಅರವತ್ತರ ದಶಕದ ಕೊನೆಯಲ್ಲಿ ಬಸವಕಲ್ಯಾಣದ ದೊಡ್ಡ ಮನೆಯೊಂದರಿಂದ ನನಗೆ ಸಂಬಂಧ ಬಂತು. ಕುರಿ ವ್ಯಾಪಾರದ ಸ್ಥಿತಿವಂತರು. ಹುಡುಗ ನೋಡಲು ಚಂದ, ಮಾತು ಮೆತ್ತಗೆ. ಅಪ್ಪ ಮಾತು ಕೊಟ್ಟ. ಮಾತು ಪಕ್ಕಾ ಆದ ಮೇಲೆ ಗಂಡಿನ ಮನೆಯವರು ತಮ್ಮ ಕೈಯಿಂದ ಒಣಗಿಸಿದ ಒಂದು ತೊಡೆ ಕಳಿಸುವುದು ನಮ್ಮ ಬಳಗದ ಪದ್ಧತಿ. ಅದನ್ನು ಇಟ್ಟುಕೊಂಡರೆ ಲಗ್ನ, ತಿರುಗಿ ಕಳಿಸಿದರೆ ಮಾತು ಮುರಿದ ಹಾಗೆ. ತಿರುಗಿ ಕಳಿಸಿದವರನ್ನು ನಾವ್ಯಾರೂ ಕಂಡಿರಲಿಲ್ಲ.

ತೊಡೆ ಬಂತು. ಅಂಥ ಬಣ್ಣ, ಅಂಥ ಕೊಬ್ಬು ನಾನು ನೋಡಿರಲಿಲ್ಲ. ಅತ್ತೆಯ ಮುಳ್ಳಿಗೂ ಕೊಳೆತ ವಾಸನೆ ಸಿಗಲಿಲ್ಲ. "ಛಲೋ ಅದ" ಅಂದಳು. ಆಮೇಲೆ ಸೀಳನ್ನು ನಾಲಿಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಎದ್ದು ಹೋಗಿ ಉಗುಳಿ ಬಂದಳು.

"ಇದು ಅಂಜಿ ಸತ್ತದ."

ಅಪ್ಪ ನಕ್ಕ. "ಅಕ್ಕಾ, ಚೂರಿ ಕಂಡು ಅಂಜಲಾರದ ಕುರಿ ಎಲ್ಲಿ ಅದ?"

"ಚೂರಿ ಅಂಜಿಕಿ ಒಂದ ಉಸಿರಿಂದು. ಇದು ಆ ಅಂಜಿಕಿ ಅಲ್ಲ. ಇದು ದಿನಾ ಅಂಜಕೋತ ಬೆಳದದ. ಆ ಮನ್ಯಾಗ ಏನೋ ಅದ."

ಅಪ್ಪನ ನಗು ನಿಂತುಹೋಯಿತು. ಅತ್ತೆ ಜಗಳಕ್ಕಿಳಿಯಲಿಲ್ಲ. ಮನೆಯ ಹಿರಿಯಳಾಗಿ ಒಮ್ಮೆ ಆ ಮನೆ ನೋಡಿ ಬರುತ್ತೇನೆ, ಹುಡುಗಿಯೂ ಬರಲಿ ಎಂದಷ್ಟೇ ಕೇಳಿದಳು. ಅಪ್ಪ ಬೇಡವೆನ್ನಲಾಗಲಿಲ್ಲ.

ನಾವಿಬ್ಬರೂ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋದೆವು. ಕೋಟೆಯ ಹಿಂದಿನ ಓಣಿಯಲ್ಲಿ ಮನೆ. ನಡುಮಧ್ಯಾಹ್ನ. ಅಂಗಳದ ತುಂಬ ಕುರಿಗಳಿದ್ದವು, ಆದರೆ ಸದ್ದೇ ಇರಲಿಲ್ಲ. ಕುರಿಗಳ ನಡುವೆಯೇ ಹುಟ್ಟಿ ಬೆಳೆದ ನನಗೆ ಏನು ವಿಚಿತ್ರ ಅನಿಸುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಮರಿಯೂ ಅರಚುತ್ತಿರಲಿಲ್ಲ. ಹುಡುಗನ ಅತ್ತಿಗೆ ನಮಗೆ ನೀರು ತಂದು ಕೊಟ್ಟು, ನನ್ನ ಕಡೆ ನೋಡಿ ನಕ್ಕು, ಇನ್ನೇನು ಮಾತಾಡಬೇಕು ಅನ್ನುವಷ್ಟರಲ್ಲಿ ಹೊರಗೆ ಕಾಲುಜೋಡಿನ ಸಪ್ಪಳವಾಯಿತು.

ಕುರಿಗಳೆಲ್ಲ ಒಟ್ಟಿಗೆ ಎದ್ದು ಹಿತ್ತಿಲ ಗೋಡೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತವು. ಅದೇ ಹೊತ್ತಿಗೆ ಆ ಅತ್ತಿಗೆಯೂ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಬೆನ್ನು ಗೋಡೆಗೆ ತಾಗುವ ತನಕ ಹೋಗಿ ನಿಂತಳು. ತಾನು ಸರಿದದ್ದು ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ. ತುಟಿಯ ಮೇಲಿನ ನಗು ಹಾಗೇ ಇತ್ತು.

ಹುಡುಗ ಒಳಗೆ ಬಂದ. "ಬರ್ರಿ, ಯಾಕ ನಿಂತೀರಿ, ಕುಂದರ್ರಿ," ಅಂದ. ಕೈ ಮುಗಿದ. ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದ. ಅವನಲ್ಲಿ ಬೆರಳು ತೋರಿಸಿ ಹೇಳುವಂಥದ್ದು ಒಂದೂ ಇರಲಿಲ್ಲ. ನಾನು ಮಾತ್ರ ಅತ್ತೆಯ ಬೆನ್ನ ಹಿಂದೆ ಸರಿದಿದ್ದೆ.

ಮನೆಗೆ ಬಂದು ಅತ್ತೆ ಕಂಡದ್ದನ್ನು ಹೇಳಿದಾಗ ಅಪ್ಪ ರೇಗಿದ. "ಕುರಿ ಗೋಡಿ ಕಡೆ ಮಾರಿ ಮಾಡಿದ್ವು ಅಂತ ಲಗ್ನ ಮುರೀಲೇನು? ಮಂದಿ ಮುಂದ ಹ್ಯಾಂಗ ಹೇಳ್ಲಿ? ನನ್ನ ಇಜ್ಜತ್ ಏನಾಗಬೇಕು?"

"ನೀ ಮುರೀಬ್ಯಾಡ. ನಾ ಮುರೀತೀನಿ."

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಜಂತಿಯಲ್ಲಿ ತೊಡೆ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಮೊದಲ ಬಸ್ಸಿಗೆ ಹೋಗಿ, ಅದನ್ನು ಆ ಮನೆಯ ಬಾಗಿಲಿಗೆ ತೂಗುಹಾಕಿ ಬಂದಿದ್ದಳು. ಅಪ್ಪ ಅವಳ ಜೊತೆ ಮಾತು ಬಿಟ್ಟ. ಒಂದೇ ಸೂರಿನಡಿ, ಒಂದೇ ಒಲೆಯ ಅನ್ನ. ಆದರೂ ಅಕ್ಕಾ ಎಂದು ಕರೆಯಲಿಲ್ಲ. ಬಳಗದವರು ಅವಳನ್ನು ಮಾಟಗಾತಿ ಅಂದರು. ನನ್ನ ಲಗ್ನಕ್ಕಾಗಿ ಎರಡನೆಯ ಸಂಬಂಧ ಹುಡುಕುವುದು ಸುಲಭವಾಗಲಿಲ್ಲ. ಒಳ್ಳೆಯವನೇ ಸಿಕ್ಕ, ತಡವಾಗಿ ಸಿಕ್ಕ.

ಅಷ್ಟರೊಳಗೆ ಬಸವಕಲ್ಯಾಣದ ಆ ಮನೆಗೆ ಮುಡಬಿಯ ಹುಡುಗಿಯೊಬ್ಬಳು ಅದೇ ಹುಡುಗನ ಹೆಂಡತಿಯಾಗಿ ಹೋಗಿದ್ದಳು. ಮುಂದಿನ ಮಳೆಗಾಲಕ್ಕೆ ಸುದ್ದಿ ಬಂತು. ಬಾವಿಗೆ ಬಿದ್ದಳಂತೆ. ಕಾಲು ಜಾರಿತು ಎಂದು ಆ ಮನೆಯವರು ಹೇಳಿದರು. ಅಪ್ಪ ಎದ್ದು ಹೋಗಿ ಅತ್ತೆಯ ಮುಂದೆ ನಿಂತ. "ಅಕ್ಕಾ, ನಮ್ಮ ಹುಡುಗಿನ್ನ ಉಳಿಸಿದಿ," ಅಂದ.

ಅವಳ ಮುಖ ಬಿಳಿಚಿಕೊಂಡಿತು.

"ಹಂಗ ಅನಬ್ಯಾಡ. ಮುಡಬಿಗೂ ಹೋಗಿ ಹೇಳಬೇಕಾಗಿತ್ತು. ಇಕಿ ಜಾಗಾಕ್ಕ ಆಕಿನ್ನ ಕಳಿಸಿದೆ ನಾನು."

ಅಂದಿನಿಂದ ಅವಳು ಖಂಡ ಮುಟ್ಟಲಿಲ್ಲ. ಯಾರು ಕರೆದರೂ ಕೊಳ್ಳಲು ಹೋಗಲಿಲ್ಲ. ಬಾವಿಯ ನೀರನ್ನು ಕುಡಿಯುವ ಮೊದಲು ಮಾತ್ರ ತಂಬಿಗೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂರುತ್ತಿದ್ದಳು. ಅದನ್ನು ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಅವಳು ಹಾಸಿಗೆ ಹಿಡಿದಾಗ ನಾನು ತವರಿಗೆ ಬಂದೆ. ನನಗಾಗ ಇಬ್ಬರು ಮಕ್ಕಳು. ಹತ್ತಿರ ಕೂತು ಕೈ ಹಿಡಿದುಕೊಂಡೆ. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತ, ನಾನು ಎಂದೂ ಕೇಳದ ಹೆಸರಿನಿಂದ ಕರೆದಳು. ಅದು ಮುಡಬಿಯ ಹುಡುಗಿಯ ಹೆಸರು ಎಂದು ಅವ್ವ ಪಿಸುಗುಟ್ಟಿದಳು.

"ನೀರು ಭಾಳ ಥಂಡಿ ಅದ ಏನವ್ವಾ?" ಅತ್ತೆ ಕೇಳಿದಳು.

ನಾನು ಅವಳಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳುವ ಹಕ್ಕು ನನಗೆ ಇತ್ತೋ ಇಲ್ಲವೋ, ಇಂದಿಗೂ ತಿಳಿಯದು.

"ಇಲ್ಲತ್ತಿ, ಈಗ ಬೆಚ್ಚಗಾಗ್ಯದ," ಅಂದೆ. "ನೀ ಮಲಕೋ."

ಅವಳು ಮಲಗಿದಳು.